ಆರನೆಯ ಕೂಗು

ಭಾಷಾವಿಜ್ಞಾನ ವಿಭಾಗದ ಪ್ರಯೋಗಾಲಯದಲ್ಲಿ ಒಂದು ಒಳ್ಳೆಯ ರೆಕಾರ್ಡರ್ ಇತ್ತು. ಬಂದು ನಾಲ್ಕು ವರ್ಷವಾಗಿತ್ತು. ಪರಿಶೀಲನಾ ಸಮಿತಿಯವರು ಅದನ್ನು ನೋಡಿದ್ದರು, ಕುಲಪತಿಗಳು ನೋಡಿದ್ದರು, ಪತ್ರಿಕೆಯವರು ಫೋಟೋ ಹೊಡೆದುಕೊಂಡು ಹೋಗಿದ್ದರು. ವಿದ್ಯಾರ್ಥಿಗಳು ಮಾತ್ರ ಮುಟ್ಟಿರಲಿಲ್ಲ. ಪ್ರತಿ ವರ್ಷ ದಸರೆಯ ಖಂಡೇಪೂಜೆಯ ದಿನ ಅಟೆಂಡರ್ ಸೂಗಪ್ಪ ಅದರ ಪ್ಲಾಸ್ಟಿಕ್ ಹೊದಿಕೆಯ ಮೇಲೆಯೇ ಮೂರು ಬೆರಳು ವಿಭೂತಿ ಎಳೆದು, ಊದಿನಕಡ್ಡಿ ಬೆಳಗಿ, ಮತ್ತೆ ಕಪಾಟಿಗೆ ಬೀಗ ಹಾಕುತ್ತಿದ್ದ. ಆ ಯಂತ್ರ ವರ್ಷಕ್ಕೊಮ್ಮೆ ಮಾಡುತ್ತಿದ್ದ ಕೆಲಸ ಅದೊಂದೇ.

ದಾನೇಶ್ವರಿಗೆ ಆ ರೆಕಾರ್ಡರ್ ಬೇಕಿತ್ತು. ಮುಂದಿನ ಮಂಗಳವಾರದೊಳಗೆ ಬೇಕಿತ್ತು.

ಅವಳ ಎಂ.ಎ. ಪ್ರಬಂಧ ತಿಂಥಣಿಯ ಅಂಬಿಗರ ಕೂಗುಗಳ ಮೇಲೆ. ಕೃಷ್ಣೆಯ ಈ ದಂಡೆಯಿಂದ ಆ ದಂಡೆಗೆ ಕೇಳಬೇಕಾದ ಮಾತು ಹೇಗೆ ಉದ್ದವಾಗುತ್ತದೆ, ಯಾವ ಅಕ್ಷರ ನೀರು ದಾಟುತ್ತದೆ, ಯಾವುದು ನಡುಹೊಳೆಯಲ್ಲೇ ಕರಗಿಹೋಗುತ್ತದೆ ಎಂಬುದು ಅವಳು ಹುಡುಕುತ್ತಿದ್ದ ಸಂಗತಿ. ಸೇತುವೆ ಆದಮೇಲೆ ಹರಿಗೋಲು ಹತ್ತುವವರು ಇಲ್ಲ, ಕೂಗುವವರಂತೂ ಮೊದಲೇ ಇಲ್ಲ. ಅಂಬಿಗರಲ್ಲಿ ರೂಢಿಯಿದ್ದ ಏಳೂ ಕೂಗು ಬಲ್ಲವನು ಒಬ್ಬನೇ ಉಳಿದಿದ್ದ, ಅರವತ್ತೆಂಟು ವರ್ಷದ ದ್ಯಾವಪ್ಪ. ಅವನ ಗಂಟಲಲ್ಲಿ ಗಂಟೊಂದು ಎದ್ದಿತ್ತು. ಮಂಗಳವಾರ ರಾಯಚೂರಿನ ದವಾಖಾನೆಯಲ್ಲಿ ಆಪರೇಷನ್. ಜೀವಕ್ಕೇನೂ ಅಪಾಯವಿಲ್ಲ, ಆದರೆ ಆಮೇಲೆ ಪಿಸುಮಾತು ಉಳಿದರೂ ಹೆಚ್ಚು ಎಂದು ಡಾಕ್ಟರು ಹೇಳಿದ್ದರು. ಅಲ್ಲಿಯವರೆಗೆ ಗಂಟಲಿಗೆ ಹೆಚ್ಚು ಕೆಲಸ ಕೊಡಬೇಡಿ ಎಂದೂ ಹೇಳಿದ್ದರು.

ಮೊಬೈಲಿನಲ್ಲಿ ಹಿಡಿಯಲು ಅವಳು ಮೂರು ಸಲ ನೋಡಿದ್ದಳು. ಹತ್ತಿರ ಹಿಡಿದರೆ ಆ ದನಿಗೆ ಮೊಬೈಲು ತಡೆಯದೆ ಬರೀ ಚರಚರ ಸದ್ದು ಬರುತ್ತಿತ್ತು. ದೂರ ಹಿಡಿದರೆ ಗಾಳಿಯ ಸದ್ದೇ ತುಂಬಿಕೊಳ್ಳುತ್ತಿತ್ತು. ಅಂಥ ದನಿಯನ್ನು ಹಿಡಿಯಲೆಂದೇ ತರಿಸಿದ ರೆಕಾರ್ಡರ್ ಶಹಾಪುರ ರಸ್ತೆಯ ಈ ಸ್ನಾತಕೋತ್ತರ ಕೇಂದ್ರದ ಕಪಾಟಿನಲ್ಲಿ ವಿಭೂತಿ ಹಚ್ಚಿಕೊಂಡು ಕೂತಿತ್ತು.

ಮೊದಲ ಅರ್ಜಿಗೆ ನಮೂನೆ ಸರಿಯಿಲ್ಲ ಎಂದರು. ಎರಡನೆಯದಕ್ಕೆ ಉದ್ದೇಶ ಸ್ಪಷ್ಟವಿಲ್ಲ ಎಂದರು. ಮೂರನೆಯದು ಎಲ್ಲಿಗೆ ಹೋಯಿತೋ ಯಾರಿಗೂ ಗೊತ್ತಿರಲಿಲ್ಲ. ವಿಭಾಗದ ಮುಖ್ಯಸ್ಥೆ ಪರಿಮಳಾ ಮೇಡಂ ಕೆಟ್ಟವರಲ್ಲ. ಹಿಂದೊಮ್ಮೆ ವಿದ್ಯಾರ್ಥಿಯೊಬ್ಬ ಒಯ್ದ ಕ್ಯಾಮರಾ ಬಸ್ಸಿನಲ್ಲಿ ಕಳೆದು, ಅದರ ವಿಚಾರಣೆಗೆ ಅವರು ಒಂದು ವರ್ಷ ಓಡಾಡಿದ್ದರು. ಅಂದಿನಿಂದ ಕಟ್ಟಡದ ಹೊಸಿಲು ದಾಟಿ ಒಂದು ವೈರೂ ಹೊರಗೆ ಹೋಗಕೂಡದು ಎಂಬುದು ಅವರ ಆಜ್ಞೆ. ನಾಲ್ಕನೆಯ ಅರ್ಜಿಗೆ, ಇಪ್ಪತ್ತೆರಡನೆಯ ದಿನ, ಅವರು ಸಹಿ ಮಾಡಿದರು. ‘ಕಟ್ಟಡದ ಹೊಸಿಲಿನ ಒಳಗೆ ಮಾತ್ರ’ ಎಂದು ಕೆಂಪು ಶಾಯಿಯಲ್ಲಿ ಬರೆದು ಕೆಳಗೆ ಗೆರೆಯನ್ನೂ ಎಳೆದರು.

ದಂಡೆಯನ್ನು ತರಲಾಗದು, ಹೊಳೆಯನ್ನು ತರಲಾಗದು, ಆದ್ದರಿಂದ ದ್ಯಾವಪ್ಪನನ್ನೇ ತರಬೇಕಾಯಿತು. ಶನಿವಾರ ಬೆಳಿಗ್ಗೆ ಅವನು ಸುರಪುರದಲ್ಲಿ ಬಸ್ಸು ಬದಲಿಸಿಕೊಂಡು, ಒಗೆದ ಧೋತರ ಉಟ್ಟುಕೊಂಡು, ಗಂಟಲಿಗೆ ವಸ್ತ್ರ ಸುತ್ತಿಕೊಂಡು ಬಂದ. ಮೇಡಂ ಯಾದಗಿರಿಗೆ ಸಭೆಗೆ ಹೋಗಿದ್ದರು. ಸೂಗಪ್ಪ ಬೀಗ ತೆಗೆದ, ಹೊದಿಕೆ ಬಿಚ್ಚಿದ. ದಾನೇಶ್ವರಿ ಗುಂಡಿ ಒತ್ತಿದಳು. ಯಂತ್ರ ಮಿಸುಕಲಿಲ್ಲ.

ಹಿಂಬದಿ ತೆಗೆದು ನೋಡಿದರೆ ನಾಲ್ಕು ವರ್ಷದ ಹಿಂದಿನ ಸೆಲ್ಲುಗಳು ಒಳಗೇ ಸೋರಿ, ಹಸಿರು ಉಪ್ಪು ಕಟ್ಟಿಕೊಂಡು ಕೂತಿದ್ದವು.

“ಸೆಲ್ಲು ತಗದು ಇಡಬೇಕಿತ್ತಲ್ಲ, ಸೂಗಪ್ಪಣ್ಣ.”

“ಕಂಪನಿಯವ್ರು ಹೆಂಗ ಕೊಟ್ಟಾರ ಹಂಗ ಇಟ್ಟೀನಿ, ತಂಗಿ. ಒಂದು ಸ್ಕ್ರೂ ಸೈತ ಕೈ ಹಚ್ಚಿಲ್ಲ,” ಎಂದ ಸೂಗಪ್ಪ. ಅವನ ದನಿಯಲ್ಲಿ ತಪ್ಪಿತಸ್ಥನ ಅಳುಕಿರಲಿಲ್ಲ, ಹೆಮ್ಮೆಯೇ ಇತ್ತು. ದಾನೇಶ್ವರಿ ಸೆಲ್ಲುಗಳನ್ನು ಕಿತ್ತು ಎಸೆದಳು. ಪುಣ್ಯಕ್ಕೆ ಕರೆಂಟಿನ ವೈರು ಸಿಕ್ಕಿಸಿದಾಗ ಯಂತ್ರ ಕಣ್ಣು ಬಿಟ್ಟಿತು.

ಇನ್ನು ಸದ್ದು ಹೊರಗೆ ಹೋಗದ, ಒಳಗೂ ಬಾರದ ಗಾಜಿನ ಕೋಣೆ. ಅದರೊಳಗೆ ಐದು ವರ್ಷದ ಉತ್ತರಪತ್ರಿಕೆಗಳ ಗಂಟುಗಳಿದ್ದವು. ಅವಳೂ ಸೂಗಪ್ಪನೂ ಸೇರಿ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಮಾಡುವ ಹೊತ್ತಿಗೆ ಗಂಟೆ ಹನ್ನೊಂದಾಗಿತ್ತು, ಮೂವರೂ ಸೀನುತ್ತಿದ್ದರು. ದ್ಯಾವಪ್ಪನನ್ನು ಒಳಗೆ ನಿಲ್ಲಿಸಿ, ಮೈಕು ಸರಿ ಮಾಡಿ, ಅವಳು ಬಾಗಿಲು ಮುಚ್ಚಿದಳು. ಗಾಜಿನಾಚೆ ನಿಂತು ಕೈಸನ್ನೆ ಮಾಡಿದಳು. ದ್ಯಾವಪ್ಪ ಸುತ್ತ ನೋಡಿದ. ಆಮೇಲೆ ತಾನೇ ಬಾಗಿಲು ತಳ್ಳಿಕೊಂಡು ಹೊರಗೆ ಬಂದ.

“ಇಲ್ಲಿ ಆಗಂಗಿಲ್ಲ, ಮಗಳ.”

“ಯಾಕ್ರಿ ಕಾಕಾ? ನೀರು ಬೇಕೇನ್ರಿ?”

“ನೀರಲ್ಲ. ಆಚಿ ದಂಡ್ಯಾಗ ಮನಿಷ್ಯಾ ಬೇಕು. ಮಂದಿ ಇಲ್ಲದ ಕಡಿಗಿ ಮಾರಿ ಮಾಡಿ ಕೂಗೂದು ನಮ್ಮೊಳಗ ಇಲ್ಲ. ಹಂಗ ಕೂಗಿದ್ರ, ಹೊಳಿ ಯಾರ್ನ ಮುಳುಗಿಸಿ ಒಯ್ದಿರ್ತೈತಲ್ಲ, ಅವ್ರು ಓ ಅಂತಾರಂತ.”

“ನಾ ಇದ್ದೆನಲ್ರಿ, ಗಾಜಿನ ಆಚಿ.”

“ನೀ ಎರಡು ಮಾರು ದೂರ ಅದಿ. ಎರಡು ಮಾರಿಗಿ ಯಾಂವ ಕೂಗ್ತಾನ? ನನಗ ದನೀನ ಏಳಂಗಿಲ್ಲ.”

ದಾನೇಶ್ವರಿಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ. ಮುದುಕನ ಮೇಲೆ ಸಿಟ್ಟಾಗುವಂತಿರಲಿಲ್ಲ, ಅವನು ಹೇಳಿದ್ದು ಸರಿಯಾಗಿತ್ತು. ಇಪ್ಪತ್ತೆರಡು ದಿನ ಚಪ್ಪಲಿ ಸವೆಸಿ ಪಡೆದ ಅಪ್ಪಣೆ ಹೊಳೆಯ ಕೂಗನ್ನು ಪೆಟ್ಟಿಗೆಯೊಳಗೆ ಕೂಗಿಸಲು ಪಡೆದ ಅಪ್ಪಣೆ ಎಂದು ತನಗೆ ಮೊದಲೇ ಹೊಳೆಯಬೇಕಿತ್ತು. ಅವಳು ಉತ್ತರಪತ್ರಿಕೆಯ ಗಂಟಿನ ಮೇಲೆ ಕುಸಿದು ಕೂತಳು. ಅಳು ಬಂತು, ಅತ್ತೇಬಿಟ್ಟಳು.

ಸೂಗಪ್ಪ ಅಪ್ಪಣೆಯ ಕಾಗದ ತೆಗೆದುಕೊಂಡು ಇನ್ನೊಮ್ಮೆ ಓದಿದ. ಚಾವಣಿ ನೋಡಿದ.

“ಹೊಸ್ತಿಲ ದಾಟಬಾರ್ದು ಅಂತ ಮೇಡಮ್ಮಾರ ಮಾತು. ಮಾಳಿಗಿ ಹೊಸ್ತಿಲ ಒಳಗ ಬರ್ತದ, ಹೊರಗ ಬರ್ತದ?”

ದಾನೇಶ್ವರಿ ಕಣ್ಣೊರೆಸಿಕೊಂಡು ಅವನನ್ನೇ ನೋಡಿದಳು. ಇಷ್ಟು ದಿನ ಕಾನೂನನ್ನು ಕಾವಲುಗಾರನಂತೆ ಕಾದವನು ಅದರ ಸಂದಿಯನ್ನೂ ಬಲ್ಲವನಾಗಿದ್ದ.

ಎದುರಿನ ಝೆರಾಕ್ಸ್ ಅಂಗಡಿಯ ಮನ್ಸೂರಅಲಿಯಿಂದ ಉದ್ದನೆಯ ವೈರು ತಂದರು. ತೆರೆದ ಮಾಳಿಗೆಯ ಮೇಲೆ ಮೈಕು ನಿಂತಿತು. ಮುಂದೆ ಬಯಲು, ಬಯಲಿನಾಚೆ ದೊಡ್ಡ ಗೇಟು. ಹೊಳೆಯ ಅಗಲದಷ್ಟು ದೂರವಿದೆ ಎಂದು ದ್ಯಾವಪ್ಪ ಕಣ್ಣಳತೆಯಲ್ಲೇ ಒಪ್ಪಿದ. ಸೂಗಪ್ಪ ಗೇಟಿನ ಹತ್ತಿರ ಹೋಗಿ ನಿಲ್ಲುವುದು, ಪ್ರತಿ ಕೂಗಿಗೂ ‘ಓ’ ಎನ್ನುವುದು ಎಂದಾಯಿತು.

“ಒಂದು ಮಾತು ಹೇಳಿರ್ತೀನಿ,” ಎಂದ ದ್ಯಾವಪ್ಪ. “ಆರನೇದು ನೀರು ಬಂತು ಅನ್ನೂ ಕೂಗು. ಮ್ಯಾಲಿಂದ ನೀರು ಬಿಟ್ಟಾರ, ದಂಡಿ ಬಿಡ್ರಿ ಅಂತ. ಅದಕ್ಕ ಲಗೂನ ಓ ಅನಬೇಕು. ಜವಾಬು ಬರೂತನಕ ಆ ಕೂಗು ನಿಂದ್ರಸಂಗಿಲ್ಲ.”

“ಅಂತೀನಿ ಬಿಡ್ರಿ. ಓ ಅನ್ನಾಕ ಏನ್ ಪರೀಕ್ಷಾ ಬರೀಬೇಕೇನು,” ಎಂದು ಸೂಗಪ್ಪ ಇಳಿದು ಹೋದ.

ದಾನೇಶ್ವರಿ ಹೆಡ್‌ಫೋನ್ ಹಾಕಿಕೊಂಡಳು. ದ್ಯಾವಪ್ಪ ಕುತ್ತಿಗೆಯ ವಸ್ತ್ರ ಬಿಚ್ಚಿ, ಒಂದು ಕೈಯನ್ನು ಕಿವಿಗೆ ಹಚ್ಚಿ, ಮೊದಲನೆಯದನ್ನು ಕೂಗಿದ. ಒಡೆಯದ, ಗಾಳಿ ಬೆರೆಯದ ಪೂರ್ತಿ ದನಿ ಇದೇ ಮೊದಲ ಸಲ ಅವಳ ಕಿವಿಯೊಳಗೆ ಇಳಿದಿತ್ತು. ಗೇಟಿನಿಂದ ಸಣ್ಣಗೆ ‘ಓ’ ಬಂತು. ಎರಡು, ಮೂರು, ನಾಲ್ಕು. ಒಂದೊಂದರ ನಡುವೆ ಅವನು ನೀರು ಗುಟುಕರಿಸಿ ದಣಿವಾರಿಸಿಕೊಂಡ. ಐದನೆಯದಕ್ಕೆ ದನಿ ಸ್ವಲ್ಪ ಗೊಗ್ಗರವಾಯಿತು.

“ಸಾಕಾದ್ರ ಬಿಡ್ರಿ ಕಾಕಾ,” ಎಂದಳು. ಬಿಡದಿದ್ದರೆ ಸಾಕು ಎಂದು ಒಳಗೊಳಗೆ ಆಸೆಪಟ್ಟಳು. ಆರನೆಯ ಕೂಗೇ ಅವಳ ಪ್ರಬಂಧದ ಜೀವಾಳ.

ಅವನು ಆರನೆಯದನ್ನು ಎತ್ತಿದ. ಅದೇ ಹೊತ್ತಿಗೆ ಗೇಟಿನೊಳಗೆ ವಿಭಾಗದ ಬಿಳಿ ಕಾರು ಬಂತು. ಸಭೆ ಬೇಗ ಮುಗಿದಿತ್ತೋ ಏನೋ, ಪರಿಮಳಾ ಮೇಡಂ ಕಾರಿನಿಂದ ಇಳಿದು ಮಾಳಿಗೆಯ ಕಡೆ ಕೈ ತೋರಿಸಿ ಏನೋ ಕೇಳತೊಡಗಿದರು. ಸೂಗಪ್ಪ ಎರಡೂ ಕೈ ಕಟ್ಟಿಕೊಂಡು ತಲೆ ತಗ್ಗಿಸಿ ನಿಂತ.

ಜವಾಬು ಬರಲಿಲ್ಲ. ದ್ಯಾವಪ್ಪ ಮತ್ತೆ ಕೂಗಿದ. ಅವನಿಗೆ ಅಷ್ಟು ದೂರದ್ದು ಸರಿಯಾಗಿ ಕಾಣುತ್ತಿರಲಿಲ್ಲ. ಮೂರನೆಯ ಸಲ ಕೂಗಿದ. ನಾಲ್ಕನೆಯ ಸಲ ಹೆಡ್‌ಫೋನಿನಲ್ಲಿ ಅವಳಿಗೆ ಬಟ್ಟೆ ಹರಿದಂಥ ಸದ್ದು ಕೇಳಿಸಿತು. ಕಣ್ಣು ಮುಚ್ಚಿಕೊಂಡು, ಕೊರಳಿನ ನರ ಉಬ್ಬಿಸಿಕೊಂಡು ಅವನು ಕೂಗುತ್ತಲೇ ಇದ್ದ. ಅವಳು ತೋಳು ಹಿಡಿದಳು. ಅವನು ತೋಳು ಕೊಡವಿಕೊಂಡು ಐದನೆಯ ಸಲಕ್ಕೆ ಉಸಿರೆಳೆದ.

ದನಿ ಹರಿದರೂ ನಾಲ್ಕು ಸಲದ್ದೂ ಯಂತ್ರದಲ್ಲಿ ಒಂದಕ್ಕಿಂತ ಒಂದು ಚೆನ್ನಾಗಿ ಬಂದಿತ್ತು. ಸುಮ್ಮನಿದ್ದರೆ ಇನ್ನೂ ಬರುತ್ತಿತ್ತು. ಹಾಗೆ ಒಂದು ಗಳಿಗೆ ತನಗೆ ಅನ್ನಿಸಿತೆಂಬುದಕ್ಕೇ ದಾನೇಶ್ವರಿಗೆ ತನ್ನ ಮೇಲೆ ಹೇಸಿಗೆಯಾಯಿತು. ಅವಳು ಹೆಡ್‌ಫೋನ್ ಕಿತ್ತುಹಾಕಿ, ಮೈಕಿನ ಪಕ್ಕದಲ್ಲೇ ನಿಂತು, ಎದೆ ತುಂಬ ಉಸಿರು ಎಳೆದುಕೊಂಡು ‘ಓ’ ಎಂದು ಚೀರಿದಳು. ದನಿ ಅಳತೆ ಮೀರಿತೆಂದು ಯಂತ್ರದ ಮೇಲೆ ಕೆಂಪು ದೀಪ ಹತ್ತಿತು.

ದ್ಯಾವಪ್ಪ ನಿಲ್ಲಿಸಿದ. ಕಣ್ಣು ತೆರೆದು ಅವಳ ಕಡೆ ತಿರುಗಿದ.

“ಅದು ಆಚಿ ದಂಡೀದಲ್ಲ,” ಎಂದ. ಅರ್ಧ ಮಾತು ಗಾಳಿಯಾಗಿ ಬಂತು.

“ಆಚಿ ದಂಡೀದೇ ರೀ ಕಾಕಾ. ಎಲ್ಲಾರೂ ದಂಡಿ ಬಿಟ್ಟು ಮ್ಯಾಲ ಬಂದೀವಿ. ಒಬ್ರೂ ಉಳಿದಿಲ್ಲ.”

ಅವನು ತಲೆಯಾಡಿಸಿದ. ಆಮೇಲೆ ಮಾಳಿಗೆಯ ಕಟ್ಟೆಯ ಮೇಲೆ ಕೂತು ನೀರಿಗೆ ಕೈ ಚಾಚಿದ. ಕೆಳಗೆ ಮೆಟ್ಟಿಲ ಮೇಲೆ ಮೇಡಂ ಅವರ ಚಪ್ಪಲಿಯ ಸದ್ದು ಹತ್ತಿರ ಬರುತ್ತಿತ್ತು.

“ಇನ್ನೊಂದು ಉಳೀತಲ್ಲ, ಮಗಳ,” ಎಂದು ಅವನು ಪಿಸುಗುಟ್ಟಿದ.

ದಾನೇಶ್ವರಿ ರೆಕಾರ್ಡರ್ ನಿಲ್ಲಿಸಿ, ಅದರ ವೈರು ಕಿತ್ತು ಸುತ್ತತೊಡಗಿದಳು. ಏಳನೆಯದನ್ನು ಅವಳು ಕೇಳಲಿಲ್ಲ.