ಬೆನ್ನಿನ ಪಾತ್ರ

ಬಸವಕಲ್ಯಾಣದ ನಾಟಕ ಸಂಘ ಮೂರು ವರ್ಷದಿಂದ ಒಂದೇ ನಗೆನಾಟಕ ಆಡುತ್ತಿತ್ತು. ಹಳೆಯ ಇಂಗ್ಲಿಷ್ ಕವಿಯೊಬ್ಬನ ಕತೆ. ಹುಟ್ಟಿದೊಡನೆ ಅಗಲಿದ ಅವಳಿ ಮಕ್ಕಳು, ಅವರನ್ನು ಗುರುತಿಸಲಾರದೆ ಎಡವಟ್ಟಾಗುವ ಊರು. ಬಸವಣಪ್ಪ ಮಾಸ್ತರು ಅದನ್ನು ಈ ಸೀಮೆಗೆ ಒಗ್ಗಿಸಿದ್ದರು. ಅಣ್ಣನ ಪಾತ್ರ ಮಾಸ್ತರ ಮಗ ವೈಜನಾಥನದು, ತಮ್ಮನ ಪಾತ್ರ ಮೋರಖಂಡಿಯ ಕೂಲಿಕಾರ ಮಚ್ಚೇಂದ್ರನದು. ಅವನು ಬೆಳ್ಳಗೆ ಗಿಡ್ಡ, ಇವನು ಕಪ್ಪಗೆ ಉದ್ದ. ಇಬ್ಬರೂ ಹಳದಿ ರುಮಾಲು ಸುತ್ತಿ ಬಂದರೆ ಸಾಕು, ಜನ ಅವಳಿಗಳೆಂದು ಒಪ್ಪಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಎಪ್ಪತ್ತೆರಡರಲ್ಲಿ ಅದೇ ಕತೆಯ ಸಿನಿಮಾ ಹುಮನಾಬಾದಿನ ಟೆಂಟಿಗೆ ಬಂತು. ನೋಡಿ ಬಂದ ಮಾಸ್ತರು, ಅಲ್ಲಿ ಒಬ್ಬನೇ ನಟ ಎರಡೂ ಪಾತ್ರ ಮಾಡಿದ್ದಾನೆ, ಇನ್ನು ನಮ್ಮಲ್ಲೂ ವೈಜನಾಥನೇ ಎರಡನ್ನೂ ಮಾಡಲಿ ಎಂದುಬಿಟ್ಟರು.

ಮಚ್ಚೇಂದ್ರ ಎರಡು ದಿನ ತನ್ನನ್ನೇ ಬೈದುಕೊಂಡ. ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವನು. ತನ್ನ ಉಚ್ಚಾರವೇ ಕೆಟ್ಟಿತೇನೋ ಎಂದು ಮಾತು ಬರೆದುಕೊಂಡಿದ್ದ ವಹಿ ಮತ್ತೆ ಮತ್ತೆ ತಿರುವಿದ. ಹೆಂಡತಿ ದ್ರೌಪತಿ ಜೋಳ ಕೇರುವುದನ್ನು ನಿಲ್ಲಿಸಲಿಲ್ಲ.

“ನಿನ್ನ ಮಾತಿನಾಗ ಏನೂ ತಪ್ಪಿಲ್ಲ. ಕಡೀಗಿ ಅವ್ವ ಬಂದು, ಇಬ್ರೂ ನನ್ನ ಹೊಟ್ಯಾಗ ಹುಟ್ಟಿದೋರು ಅಂತಾಳಲ್ಲ, ಅದು ಮಾಸ್ತರ ಮನಿಯೋರಿಗಿ ಚುಚ್ಚಾಕತ್ತದ.”

ಸಿನಿಮಾ ನೋಡದೆ ದೂರಬಾರದೆಂದು ಅವನು ಕೂಲಿ ಬಿಟ್ಟು ಹುಮನಾಬಾದಿನ ಬಸ್ಸು ಹತ್ತಿದ.

ಕ್ಯಾಮೆರಾದ ಕೈಚಳಕ ಚೆನ್ನಾಗಿತ್ತು. ಒಂದೇ ಮುಖ ಎರಡು ಕಡೆ ಕೂತು ಚಹಾ ಕುಡಿಯಿತು. ಆದರೆ ಊರಿನ ನಾಟಕದಲ್ಲಿ ಅಣ್ಣನ ಹೆಂಡತಿ ಗಂಡನೆಂದು ಮೈದುನನ ಕೈ ಹಿಡಿದಾಗ, ಅವಳಿಗೆ ಕಾಣದ್ದು ಜನಕ್ಕೆಲ್ಲ ಕಾಣುತ್ತಿತ್ತು. ಅದಕ್ಕೇ ಆ ನಗು. ಇಲ್ಲಿ ಜನವೇ ಯಾರು ಯಾರೆಂದು ತಿಳಿಯದೆ ಮಿಕಿಮಿಕಿ ನೋಡುತ್ತಿದ್ದರು. ಕೊನೆಗೆ ಅಣ್ಣತಮ್ಮ ಅಪ್ಪಿಕೊಂಡಾಗ ಒಬ್ಬನ ಮುಖ ಕಂಡಿತು, ಇನ್ನೊಬ್ಬನ ಬೆನ್ನು ಮಾತ್ರ. ಆ ಬೆನ್ನು ಬೇರೆಯವನದು. ಖಾತ್ರಿ ಮಾಡಿಕೊಳ್ಳಲು ಮಚ್ಚೇಂದ್ರ ಎರಡನೇ ಆಟಕ್ಕೂ ಕೂತ. ಹೊರಬರುವಾಗ ಗೇಟು ಕಾಯುವ ಲಾಲ್ ಅಹ್ಮದನನ್ನು, ಆ ಬೆನ್ನಿನವನು ಯಾರೆಂದು ಕೇಳಿದ.

“ಬೆನ್ನಿಗಿ ಯಾರು ಹೆಸರು ಇಡ್ತಾರ ಭಾಯಿ?” ಎಂದು ಅವನು ನಕ್ಕ.

ಮರುದಿನ ಮಾಸ್ತರೇ ಹೇಳಿಕಳಿಸಿದರು. ಒಬ್ಬನೇ ನಟ ತನ್ನನ್ನು ತಾನು ಅಪ್ಪಿಕೊಳ್ಳುವುದು ಹೇಗೆಂಬ ತೊಡಕು ಅವರಿಗೆ ಈಗ ಹೊಳೆದಿತ್ತು.

“ನಿನಗ ಬಿಟ್ಟಿಲ್ಲಪಾ. ಕಡೀ ಸೀನಿನಾಗ ಜನಕ್ಕ ಬೆನ್ನು ಮಾಡಿ ನಿಂದ್ರು. ಮಾರಿ ಮಾತ್ರ ತಿರುವಬ್ಯಾಡ.”

“ಯಾಕ್ರಿ ಮಾಸ್ತರ್ರ, ನನ್ನ ಮಾರಿಗಿ ಏನಾಗೇದ?”

“ಸಿನಿಮಾದಾಗ ಹಾಂಗೇ ಅದ.”

“ಎರಡು ಸಲ ನೋಡೀನ್ರಿ. ಅವರಿಗಿ ಒಬ್ಬನೇ ಸಿಕ್ಕಿದ್ದ. ನಿಮಗ ಇಬ್ರು ಇದ್ದೇವು.”

ಮಾಸ್ತರು ಹಳದಿ ರುಮಾಲನ್ನು ಅವನ ಕಡೆ ಎಸೆದರು. ಮಚ್ಚೇಂದ್ರ ಅದನ್ನು ಹಿಡಿದುಕೊಂಡ.

ಆಟದ ದಿನ ಕೊನೆಯ ದೃಶ್ಯದಲ್ಲಿ ವೈಜನಾಥ ಅವನನ್ನು ಅಪ್ಪಿಕೊಂಡ. ಜನ ಸಿನಿಮಾದ ಜನರಂತೆಯೇ ಮಿಕಿಮಿಕಿ ನೋಡುತ್ತಿದ್ದರು. ಮಚ್ಚೇಂದ್ರ ಆ ತೋಳು ಬಿಡಿಸಿಕೊಂಡು ಜನರತ್ತ ತಿರುಗಿದ. ಮೊದಲು ಹಿಂದಿನ ಸಾಲಿನಿಂದ, ಆಮೇಲೆ ಎಲ್ಲ ಕಡೆಯಿಂದ, ಮೂರು ವರ್ಷದ ಹಳೆಯ ನಗು ಎದ್ದಿತು. ಅವನು ನಗಲಿಲ್ಲ. ತಾಯಿಯ ವೇಷದ ಮುಕ್ತಾಬಾಯಿಯ ಮುಂದೆ ಹೋಗಿ ವಹಿಯಲ್ಲಿದ್ದ ಮಾತನ್ನೇ ಕೇಳಿದ: “ಅವ್ವಾ, ನಾನು ಯಾರು?”

ಮುಕ್ತಾಬಾಯಿ ಪರದೆಯ ಮರೆಯಲ್ಲಿದ್ದ ಮಾಸ್ತರ ಮುಖ ನೋಡಿದಳು. ಜನರ ಮುಖ ನೋಡಿದಳು. “ಇಬ್ಬರೂ ನನ್ನ ಹೊಟ್ಟೆಯಲ್ಲಿ ಹುಟ್ಟಿದವರು,” ಎಂದಳು.

ಮಾಸ್ತರು ದಡಕ್ಕನೆ ಪರದೆ ಇಳಿಸಿದರು. ಅಷ್ಟರಲ್ಲಿ ಮಚ್ಚೇಂದ್ರ ಜನರತ್ತ ಎರಡು ಹೆಜ್ಜೆ ಮುಂದೆ ಬಂದಿದ್ದ. ಪರದೆ ಅವನ ಬೆನ್ನ ಹಿಂದೆ ಬಿತ್ತು.