ಸೋಮವಾರ ಸರ್ವರಿಗೆ ನೊಗವಿಲ್ಲ

ಪ್ರಿಯಂವದಾಳ ಕಂಪನಿಯಲ್ಲಿ ಆರು ಜನ, ಎಂಟು ಕಂಪ್ಯೂಟರು, ಒಂದು ಬಾಗಿಲು. ಬೈಲಹೊಂಗಲದ ಎಪಿಎಂಸಿ ರಸ್ತೆಯಲ್ಲಿ, ದುರ್ಗಪ್ಪನ ಬೀಜ-ಗೊಬ್ಬರದ ಅಂಗಡಿಯ ಮೇಲಿನ ಅಂತಸ್ತಿನಲ್ಲಿ, ಅದು ಒಂಬತ್ತು ವರ್ಷದಿಂದ ನಡೆದುಬಂದಿದೆ. ಕೆಳಗಿನ ಯೂರಿಯಾ ವಾಸನೆ ಮೇಲಕ್ಕೆ ಬರುತ್ತದೆ. ಮೇಲೆ ಏನು ಕೆಲಸ ನಡೆಯುತ್ತದೆ ಎಂಬುದು ಮಾತ್ರ ಬಹಳ ದಿನ ಕೆಳಕ್ಕೆ ಇಳಿದಿರಲಿಲ್ಲ. ಕೇಳಿದವರಿಗೆಲ್ಲ ದುರ್ಗಪ್ಪ, ಮೇಲೆ ಇಂಟರ್ನೆಟ್ ರಿಪೇರಿ ಮಾಡುತ್ತಾರೆ ಎನ್ನುತ್ತಿದ್ದ. ತಪ್ಪು ಮಾಹಿತಿ ಸಹಿಸದ ಪ್ರಿಯಂವದಾ ಒಂದು ದಿನ ಅವನನ್ನು ಕೂರಿಸಿ ವಿವರಿಸಿದಳು: ವೆಬ್‌ಸೈಟುಗಳು ಬಾಡಿಗೆ ಯಂತ್ರಗಳಲ್ಲಿ ಇರುತ್ತವೆ, ಬಾಡಿಗೆಗೆ ಕೊಡುವವರು ಹೋಸ್ಟಿಂಗ್ ಕಂಪನಿಯವರು, ಆ ಕಂಪನಿಗಳು ತಮ್ಮ ಬಾಡಿಗೆದಾರರಿಗೆ ಖಾತೆ ತೆರೆದು ಪಾಸ್‌ವರ್ಡ್ ಕೊಡುವ ಸಾಫ್ಟ್‌ವೇರನ್ನು ತಾನು ಮಾಡಿ ಮಾರುತ್ತೇನೆ. ದುರ್ಗಪ್ಪ ಪೂರಾ ಕೇಳಿಸಿಕೊಂಡು, "ಅಂದ್ರ ಚಾಳಿನ ಮಾಲಕರಿಗೆ ಕೀಲಿಕೈ ಮಾಡಿಕೊಡ್ತೀರಿ ಅನ್ರಿ" ಎಂದ. ಎರಡು ಸಲ ದುಡ್ಡು ಕೊಟ್ಟು ಬರೆಸಿದ ಮಾಹಿತಿಪತ್ರದಲ್ಲಿ ಇಷ್ಟು ಸ್ಪಷ್ಟವಾದ ಒಂದು ವಾಕ್ಯವೂ ಇರಲಿಲ್ಲ.

ಬೆಳಗಾವಿ, ಹುಬ್ಬಳ್ಳಿ, ಕೊಲ್ಹಾಪುರದ ಸಣ್ಣಪುಟ್ಟ ಹೋಸ್ಟಿಂಗ್ ಕಂಪನಿಗಳು ಅವಳ ಗಿರಾಕಿಗಳು. ದೊಡ್ಡ ಗಿರಾಕಿ ಒಂದೇ, ಡೆನ್ಮಾರ್ಕಿನದು. ಆ ಒಂದು ಕರಾರು ಹೋದರೆ ಆರು ಜನರಲ್ಲಿ ನಾಲ್ವರನ್ನು ಮನೆಗೆ ಕಳಿಸಬೇಕಾಗುತ್ತಿತ್ತು. ಈ ಲೆಕ್ಕ ಆರೂ ಜನರಿಗೆ ಬಾಯಿಪಾಠವಾಗಿತ್ತು. ನಾಲ್ವರು ಯಾರೆಂದು ಯಾರೂ ಕೇಳುತ್ತಿರಲಿಲ್ಲ.

ಕರಾರಿನ ಮೂರು ವರ್ಷದ ಅವಧಿ ಈ ಮಳೆಗಾಲಕ್ಕೆ ಮುಗಿಯುವುದಿತ್ತು. ಮುಂದುವರಿಸುವ ಮೊದಲು ತಪಾಸಣೆ ಆಗಬೇಕೆಂದು ಡೆನ್ಮಾರ್ಕಿನವರು ನೂರಾ ಎಂಬತ್ತಾರು ಪ್ರಶ್ನೆಗಳ ಪಟ್ಟಿ ಕಳಿಸಿದರು. ಉತ್ತರ ಬರೆಯುವ ಕೆಲಸ ಗುರುನಾಥನಿಗೆ ಬಂತು. ಅವನು ಮೊದಲು ಕಾಲೇಜೊಂದರಲ್ಲಿ ಕಾಮರ್ಸ್ ಉಪನ್ಯಾಸಕನಾಗಿದ್ದ. ಹನ್ನೆರಡು ವರ್ಷ ಪಾಠ ಮಾಡಿದ್ದಕ್ಕಿಂತ ಹೆಚ್ಚಾಗಿ ಪರಿಶೀಲನಾ ಸಮಿತಿಗಳಿಗೆ ವರದಿ ಬರೆದಿದ್ದ. ಪ್ರಿಯಂವದಾ ಹಾಕಿದ ಷರತ್ತು ಒಂದೇ: ಸುಳ್ಳು ಬರೆಯಕೂಡದು. ಗುರುನಾಥ ಒಪ್ಪಿದ. ನಿಜವನ್ನೇ ಬರೆದ, ಇಸ್ತ್ರಿ ಹೊಡೆದು ಬರೆದ.

ಕಟ್ಟಡಕ್ಕೆ ರಾತ್ರಿ ಕಾವಲು ಇದೆಯೇ ಎಂದು ಕೇಳಿದ್ದರು. ದುರ್ಗಪ್ಪ ಸೆಕೆಗಾಲದಲ್ಲಿ ಅಂಗಡಿಯ ಮುಂದೆ ಹೊರಸು ಹಾಕಿಕೊಂಡು ಮಲಗುತ್ತಾನೆ. 'ಋತುಮಾನಕ್ಕೆ ಅನುಗುಣವಾದ ಕಾವಲು ವ್ಯವಸ್ಥೆ ಇದೆ' ಎಂದು ಬರೆದಾಯಿತು. ಅಗ್ನಿ ಅವಘಡದ ತಾಲೀಮು ನಡೆಸುತ್ತೀರಾ ಎಂದು ಕೇಳಿದ್ದರು. ನಡೆಸಿರಲಿಲ್ಲ, ಹಾಗಾಗಿ ಅಂದೇ ಮಧ್ಯಾಹ್ನ ನಡೆಸಿದರು. ಆರೂ ಜನ ಮೆಟ್ಟಿಲಿಳಿದು ರಸ್ತೆಯಲ್ಲಿ ಸಾಲಾಗಿ ನಿಂತದ್ದನ್ನು ಕಂಡ ದುರ್ಗಪ್ಪ, ಯಾರು ಹೋದರೆಂದು ಮೆಲ್ಲಗೆ ಕೇಳಿ ಅಂಗಡಿಯ ಅರ್ಧ ಶಟರು ಎಳೆದ.

ಎಪ್ಪತ್ತನಾಲ್ಕನೆಯ ಪ್ರಶ್ನೆಯಲ್ಲಿ ಗುರುನಾಥನ ಕೈ ನಿಂತಿತು. 'ಸರ್ವರುಗಳಲ್ಲಿ ಯಾವುದೇ ಬದಲಾವಣೆ ಮಾಡಬಾರದ ದಿನಗಳನ್ನು ನಿಗದಿಪಡಿಸಿದ್ದೀರಾ?'

ನಿಗದಿಪಡಿಸಿದ್ದರು, ಆದರೆ ಅದು ನೀತಿ ಎಂದು ಯಾರಿಗೂ ಗೊತ್ತಿರಲಿಲ್ಲ. ಸರ್ವರುಗಳನ್ನು ನೋಡಿಕೊಳ್ಳುವ ಶಟ್ಟೆಪ್ಪ ಸಿರಸಂಗಿಯವನು. ಏಳು ವರ್ಷದ ಹಿಂದೆ ಕೆಲಸಕ್ಕೆ ಸೇರುವಾಗ ಪಗಾರದ ಮಾತು ಎತ್ತುವ ಮೊದಲೇ ಒಂದು ಮಾತು ಕೇಳಿಕೊಂಡಿದ್ದ.

"ನಮ್ಮ ಮನ್ಯಾಗ ಸೋಮಾರ ಎತ್ತಿಗೆ ನೊಗಾ ಹಾಕೂದಿಲ್ರಿ ಅಕ್ಕಾರ. ಇದೂ ದುಡಿಯೂ ಜೀವನ ಅಲ್ಲೇನ್ರಿ? ಸೋಮಾರ ಒಂದಿನ ಇದರ ಮೈ ಮುಟ್ಟೂದಿಲ್ಲ. ಉಳದ ಆರೂ ದಿನ ನೀವು ಹೇಳಿದಷ್ಟು ಹೊತ್ತು ಕುಂಡ್ರತೇನಿ."

ಬೈಲಹೊಂಗಲಕ್ಕೆ ಬರಲು ಒಪ್ಪುವ ಒಳ್ಳೆಯ ಸರ್ವರ್ ಕೆಲಸಗಾರ ಇನ್ನೊಬ್ಬ ಸಿಕ್ಕಿರಲಿಲ್ಲವಾದ್ದರಿಂದ ಪ್ರಿಯಂವದಾಳಿಗೆ ಯಂತ್ರದಲ್ಲಿ ಜೀವ ಕಂಡಿತು. ಅಂದಿನಿಂದ ಸೋಮವಾರ ಸರ್ವರಿಗೆ ರಜೆ. ಅದು ಎಂದಿನಂತೆ ಓಡುತ್ತಿತ್ತು. ಹೊಸದೇನನ್ನೂ ಹೇರುತ್ತಿರಲಿಲ್ಲ ಅಷ್ಟೆ. ಆ ದಿನ ಎಲ್ಲರೂ ಪತ್ರ ಬರೆಯುತ್ತಿದ್ದರು, ಫೋನು ಎತ್ತುತ್ತಿದ್ದರು, ಶಟ್ಟೆಪ್ಪ ಕೇಬಲ್ಲುಗಳ ಧೂಳು ಒರೆಸುತ್ತಿದ್ದ.

ಗುರುನಾಥ ಏಳು ವರ್ಷದ ದಾಖಲೆ ತೆಗೆದು ನೋಡಿದ. ಒಟ್ಟು ನಲವತ್ತೊಂದು ಸಲ ಏನಾದರೊಂದು ಕೆಟ್ಟಿತ್ತು. ಸೋಮವಾರ ಒಮ್ಮೆಯೂ ಇಲ್ಲ. ಮುಟ್ಟದೆ ಇದ್ದದ್ದು ಕೆಡದಿರುವುದರಲ್ಲಿ ಆಶ್ಚರ್ಯವೇನೂ ಇರಲಿಲ್ಲ, ಆದರೆ ಅಂಕಿಸಂಖ್ಯೆ ಅಂಕಿಸಂಖ್ಯೆಯೇ. ಅವನು ಒಂದು ನಕ್ಷೆ ಎಳೆದು, ವಾರಾಂತ್ಯದ ನಂತರ ಗ್ರಾಹಕರ ದಟ್ಟಣೆ ಹೆಚ್ಚಿರುವುದನ್ನೂ ಉಲ್ಲೇಖಿಸಿ, 'ಸೋಮವಾರದಂದು ಯಾವುದೇ ಕಾರಣಕ್ಕೂ ಯಾವುದೇ ಬದಲಾವಣೆ ಮಾಡಲಾಗುವುದಿಲ್ಲ' ಎಂದು ಮುಗಿಸಿದ. ಪ್ರಿಯಂವದಾ ಪ್ರತಿಯೊಂದು ಅಂಕಿಯನ್ನೂ ಮೂಲದ ಜೊತೆ ತಾಳೆ ನೋಡಿದಳು. ಎಲ್ಲವೂ ನಿಜ. 'ಯಾವುದೇ ಕಾರಣಕ್ಕೂ' ಎಂಬಲ್ಲಿ ಅವಳ ಪೆನ್ಸಿಲ್ಲು ಒಂದು ಕ್ಷಣ ನಿಂತು ಮುಂದೆ ಹೋಯಿತು. ಏಳು ವರ್ಷದಲ್ಲಿ ಅಂಥ ಕಾರಣವೇ ಬಂದಿರಲಿಲ್ಲ.

ಡೆನ್ಮಾರ್ಕಿನವರಿಗೆ ಉಳಿದ ನೂರಾ ಎಂಬತ್ತೈದು ಉತ್ತರಗಳು ಸಾಧಾರಣ ಎನಿಸಿದವು. ಎಪ್ಪತ್ತನಾಲ್ಕನೆಯದು ಅವರ ಮನಸ್ಸಿಗೆ ನಾಟಿತು. ಇಷ್ಟು ಶಿಸ್ತಿನ ನೀತಿ ತಮ್ಮಲ್ಲೇ ಇಲ್ಲವಲ್ಲ ಎಂದು ಅವರು ಸಭೆ ಸೇರಿದರು. ಮುಂದಿನ ತಿಂಗಳಿಂದ ತಮ್ಮ ಕಂಪನಿಯಲ್ಲೂ, ತಮಗೆ ಸಾಫ್ಟ್‌ವೇರ್ ಒದಗಿಸುವ ಎಲ್ಲ ಕಂಪನಿಗಳಲ್ಲೂ ಸೋಮವಾರದ ನಿಷೇಧ ಜಾರಿಗೆ ಬರುವುದೆಂದು ಸುತ್ತೋಲೆ ಹೊರಟಿತು. ಬದಲಾವಣೆಗೆ ಅನುಮತಿ ಕೊಡುವ ಮಂಡಳಿಗೂ ಸೋಮವಾರ ರಜೆಯಾಯಿತು. ಹೀಗೆ ಏಳೆಂಟು ದೇಶಗಳ ಎಂಜಿನಿಯರುಗಳು ಯಾಕೆಂದು ಗೊತ್ತಿಲ್ಲದೆ ಸೋಮವಾರ ನೊಗ ಇಳಿಸಿದರು. ಸುದ್ದಿ ಕೇಳಿದ ಶಟ್ಟೆಪ್ಪ, ಅಲ್ಲಿಯೂ ಎತ್ತು ಸಾಕಿದವರಿರಬೇಕು ಎಂದ.

ಕೊನೆಗೆ ಉಳಿದದ್ದು ಖುದ್ದು ತಪಾಸಣೆ. ಅದಕ್ಕಾಗಿ ಡೆನ್ಮಾರ್ಕಿನವರು ಪುಣೆಯ ಸ್ನೇಹಲ್ ಎಂಬ ತಪಾಸಣಾಧಿಕಾರಿಯನ್ನು ನೇಮಿಸಿದರು. ಜೂನ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಅವಳು ಬೆಳಗಾವಿ ಬಸ್ಸಿನಿಂದ ಇಳಿದಳು. ತಾಯಿಯ ತವರು ಬೆಳಗಾವಿ, ಹಾಗಾಗಿ ಕನ್ನಡ ಬರುತ್ತಿತ್ತು. ಸೋಮವಾರದ ನೀತಿಯನ್ನು ಸೋಮವಾರವೇ ಕಣ್ಣಾರೆ ನೋಡಬೇಕೆಂದು ಆ ದಿನ ಆರಿಸಿದ್ದಳು. ಹೊರಸನ್ನು ನೋಡಿ ತನ್ನ ಪಟ್ಟಿಯಲ್ಲಿ ಒಂದು ಗುರುತು ಹಾಕಿದಳು. ಧೂಳು ಒರೆಸುತ್ತಿದ್ದ ಶಟ್ಟೆಪ್ಪನನ್ನು ನೋಡಿ ಇನ್ನೊಂದು ಹಾಕಿದಳು.

ಹತ್ತು ಇಪ್ಪತ್ತಕ್ಕೆ ಫೋನು ಬಂತು. ಕೋಡು ಬರೆಯುವ ಭಾವನಾ ಎತ್ತಿದಳು. ಧ್ವನಿ ಸಣ್ಣದಾಗಿ ಬರುತ್ತಿದ್ದರಿಂದ ಸ್ಪೀಕರಿಗೆ ಹಾಕಿದಳು. ಆ ಕಡೆ ರಾಮದುರ್ಗದ ಸೀರೆ ವ್ಯಾಪಾರಿ ಮುದಕಪ್ಪ. ಅವನ ವೆಬ್‌ಸೈಟು ಇವರ ಸಾಫ್ಟ್‌ವೇರ್ ಬಳಸುವ ಬೆಳಗಾವಿಯ ಕಂಪನಿಯೊಂದರಲ್ಲಿತ್ತು. ಪಾಸ್‌ವರ್ಡ್ ಮರೆತು, ಹೊಸದಕ್ಕಾಗಿ ಬಂದ ಲಿಂಕನ್ನು ನೋಡಿ ಟೈಪ್ ಮಾಡುವಾಗ ಕೊನೆಯ ಅಂಕಿ ತಪ್ಪಿದ್ದ.

"ನನ್ನ ಸೀರಿ ಅಂಗಡಿ ತಗೀಲಾಕ ಹ್ವಾದ್ರ ಕಿತ್ತೂರಿಂದ ಯಾವುದೋ ಖಾನಾವಳಿ ತಗೀತ್ರಿ. ನಾ ಏನೂ ಮುಟ್ಟಿಲ್ಲ. ಜುಣಕದ ಫೋಟೋ ಇಟ್ಟಾರ, ಅದನ್ನಷ್ಟ ನೋಡಿ ಹೊಳ್ಳಿ ಬಂದೇನಿ."

ಒಂದು ಕೀಲಿಕೈಗೆ ಇನ್ನೊಬ್ಬರ ಖೋಲಿ ತೆರೆದಿತ್ತು. ಅಂದರೆ ಲಿಂಕಿನ ಕೊನೆಯ ಅಂಕಿ ಬದಲಿಸಿದರೆ ಯಾರ ಖಾತೆಗೆ ಬೇಕಾದರೂ ಯಾರು ಬೇಕಾದರೂ ಹೋಗಬಹುದು. ಬೆಳಗಾವಿಯಲ್ಲಷ್ಟೇ ಅಲ್ಲ, ಡೆನ್ಮಾರ್ಕಿನ ಮುನ್ನೂರು ಸರ್ವರುಗಳಲ್ಲೂ. ಭಾವನಾ ತಪ್ಪನ್ನು ಹುಡುಕಿ ತಿದ್ದಿ, ತಿದ್ದಿದ್ದನ್ನು ಎರಡು ಸಲ ಪರೀಕ್ಷಿಸಿದಳು. ಇಪ್ಪತ್ತೈದು ನಿಮಿಷ ಹಿಡಿಯಿತು. ಇನ್ನು ಶಟ್ಟೆಪ್ಪ ಅದನ್ನು ಎಲ್ಲ ಸರ್ವರುಗಳಿಗೂ ಕಳಿಸಿದರೆ ಮುಗಿಯಿತು.

ಎಲ್ಲರೂ ಶಟ್ಟೆಪ್ಪನ ಕಡೆ ನೋಡಿದರು. ಅವನು ಧೂಳಿನ ಬಟ್ಟೆ ಕೆಳಗಿಟ್ಟು, ಕೈ ತೊಳೆದುಕೊಂಡು ಬಂದು ಕುರ್ಚಿ ಎಳೆದ. ಅಡ್ಡ ಬಂದದ್ದು ಸ್ನೇಹಲ್.

"ನೀವು ಇವತ್ತ ಮುಟ್ಟಿದ್ರ ನಾ ಬರೀಬೇಕಾಗತದ. ನಿಮ್ಮ ಕಾಗದದಾಗ 'ಯಾವುದೇ ಕಾರಣಕ್ಕೂ' ಅಂತ ಅದ. ನಾ ಬರದದ್ದಲ್ಲ ಅದು, ನೀವು ಬರದದ್ದು."

ಗುರುನಾಥ ಶಟ್ಟೆಪ್ಪನ ಮೇಲೆ ಹರಿಹಾಯ್ದ. ಏಳು ವರ್ಷ ಒಂದು ಬೆರಳು ಮುಟ್ಟದವನು ಇವತ್ತೇ ಹೇಗೆ ಕೂತೆ ಎಂದು ಕೇಳಿದ. ಶಟ್ಟೆಪ್ಪನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಸೋಮಾರ ನೊಗಾ ಹಾಕೂದಿಲ್ಲ, ಖರೇರಿ ಸರ. ಎತ್ತು ಬಾವ್ಯಾಗ ಬಿದ್ರ ಮಂಗಳಾರದ ಮಟಾ ಕಾಯ್ತಾರೇನ್ರಿ?"

"ಇದನ್ನ ಮದಲ ಹೇಳಬೇಕಿತ್ತಲೋ."

"ಬಾವಿ ಸುದ್ದಿ ನೀವು ಕೇಳಲಿಲ್ರಿ."

ಸಿರಸಂಗಿಯಲ್ಲಿ ಅದನ್ನು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಪ್ರಿಯಂವದಾ ಡೆನ್ಮಾರ್ಕಿಗೆ ಫೋನು ಮಾಡಿದಳು. ಅಲ್ಲಿ ಬೆಳಗಿನ ಏಳೂಮುಕ್ಕಾಲು. ಎತ್ತಿದವನು ಸಭ್ಯ ಮನುಷ್ಯ. ವಿಷಯ ಬಹಳ ಗಂಭೀರವಾದದ್ದೆಂದು ಒಪ್ಪಿದ. ಆದರೆ ಅನುಮತಿ ಕೊಡಬೇಕಾದ ಮಂಡಳಿ ಸೋಮವಾರ ಸೇರುವುದಿಲ್ಲ, ಆ ನೀತಿ ಬೈಲಹೊಂಗಲದಿಂದಲೇ ಬಂದದ್ದಲ್ಲವೇ ಎಂದು ನೆನಪಿಸಿದ. ಮಂಗಳವಾರ ಹತ್ತಕ್ಕೆ ಮೊದಲನೇ ವಿಷಯವಾಗಿ ಎತ್ತಿಕೊಳ್ಳುವುದಾಗಿ ಮಾತು ಕೊಟ್ಟು, ಒಳ್ಳೆಯ ವಾರ ಹಾರೈಸಿದ.

ಅವಳು ಫೋನು ಕೆಳಗಿಟ್ಟಳು. ಕಿತ್ತೂರಿನ ಖಾನಾವಳಿಯವರಿಗೆ ತಮ್ಮ ಬಾಗಿಲು ತೆರೆದಿರುವುದು ಇನ್ನೂ ಗೊತ್ತಿರಲಿಲ್ಲ. ಮುದಕಪ್ಪ ಸಭ್ಯ, ಜುಣಕ ನೋಡಿ ಹಿಂದೆ ಬಂದ. ಮುಂದೆ ಅಂಕಿ ತಪ್ಪುವವನು ಹಾಗೆ ಬರುತ್ತಾನೆಂದು ಯಾರು ಹೇಳಬೇಕು? ಇನ್ನೊಂದು ಕಡೆ ಕರಾರು, ಹೆಸರಿಡದ ಆ ನಾಲ್ವರು. ಸ್ನೇಹಲ್ ಪೆನ್ನು ತೆರೆದು ಕೂತಿದ್ದಳು. ಅವಳ ಮುಖದಲ್ಲಿ ದುರುದ್ದೇಶವೇನೂ ಇರಲಿಲ್ಲ. ಅವಳು ಓದುವುದು ಬಲ್ಲವಳು, ಓದಿದ್ದಳು.

"ಹಾಕು ಕೈ," ಎಂದಳು ಪ್ರಿಯಂವದಾ. "ಸ್ನೇಹಲ್ ಅವರ, ನೀವೂ ಬರೀರಿ. ವ್ಯಾಳ್ಯಾ ನಾನ ಹೇಳತೇನಿ, ತಪ್ಪಬಾರದು."

"ಮದಲ ಹಗ್ಗಾ ನೋಡತೇನ್ರಿ ಅಕ್ಕಾರ," ಎಂದ ಶಟ್ಟೆಪ್ಪ. ಏನಾದರೂ ಎಡವಟ್ಟಾದರೆ ಹಿಂದಿನ ಸ್ಥಿತಿಗೆ ತರಲು ಎಲ್ಲದರ ಪ್ರತಿ ತೆಗೆದಿಟ್ಟು, ಪ್ರತಿ ಸರಿಯಾಗಿದೆಯೇ ಎಂದು ತೆರೆದು ನೋಡಿ, ಆಮೇಲೆ ಕಳಿಸಿದ. ಹನ್ನೊಂದು ನಲವತ್ತೆರಡಕ್ಕೆ ಶುರುವಾದದ್ದು ಹನ್ನೆರಡು ಹದಿನೆಂಟಕ್ಕೆ ಮುಗಿಯಿತು. ಮುದಕಪ್ಪನಿಗೆ ಫೋನು ಮಾಡಿ, ಮತ್ತೊಮ್ಮೆ ತಪ್ಪು ಅಂಕಿ ಒತ್ತಿ ನೋಡಲು ಹೇಳಿದರು. ಅವನು ನಾಲ್ಕು ಸಲ ಪ್ರಯತ್ನಪಟ್ಟು, ಖಾನಾವಳಿ ಇನ್ನು ಸಿಗುವುದಿಲ್ಲ ಎಂದು ಸ್ವಲ್ಪ ಬೇಸರದಿಂದ ತಿಳಿಸಿದ.

ಪ್ರಿಯಂವದಾ ದಾಖಲೆ ಪುಸ್ತಕದಲ್ಲಿ ಎರಡೂ ಸಮಯ ಬರೆದು, ಕಾರಣ ಬರೆದು, ಆದೇಶ ತನ್ನದೆಂದು ಸಹಿ ಮಾಡಿದಳು. ಸ್ನೇಹಲ್ ತನ್ನ ಹಾಳೆಯಲ್ಲಿ 'ಗಂಭೀರ ಉಲ್ಲಂಘನೆ' ಎಂದು ಬರೆದಳು. ಬರೆದು ಪೆನ್ನು ಮುಚ್ಚಿದ ಮೇಲೆ, "ಎತ್ತು ಮ್ಯಾಲ ಬಂತಲ್ಲ, ಛಲೋ ಆತು" ಎಂದಳು. ಅದನ್ನು ಬರೆಯಲಿಲ್ಲ.

ಮಂಗಳವಾರ ಮಂಡಳಿ ಸೇರಿ, ಹಿಂದಿನ ದಿನವೇ ಆಗಿಹೋಗಿದ್ದ ದುರಸ್ತಿಗೆ ಸರ್ವಾನುಮತದಿಂದ ಒಪ್ಪಿಗೆ ಕೊಟ್ಟಿತು. ಅನುಮತಿ ಈಗ ಬಂದಿರುವುದರಿಂದ ದುರಸ್ತಿಯನ್ನು ಈಗ ಮಾಡತಕ್ಕದ್ದೆಂದೂ ಸೂಚಿಸಿತು. ಶಟ್ಟೆಪ್ಪ ಅದನ್ನೇ ಮತ್ತೊಮ್ಮೆ ಕಳಿಸಿದ. ಏನೂ ಆಗಲಿಲ್ಲ. 'ತೃಪ್ತಿಕರ' ಎಂದು ಉತ್ತರ ಬಂತು.

ಹನ್ನೊಂದು ದಿನದ ನಂತರ ಬಂದ ತಪಾಸಣಾ ವರದಿಯಲ್ಲಿ ಇಪ್ಪತ್ತಮೂರು ಪುಟಗಳಿದ್ದವು. ಮುನ್ನೂರು ಸರ್ವರುಗಳ ಬಾಗಿಲು ತೆರೆದಿದ್ದ ವಿಷಯಕ್ಕೆ ಒಂದೂವರೆ ಸಾಲು. ಸೋಮವಾರ ಮುಟ್ಟಿದ ವಿಷಯಕ್ಕೆ ನಾಲ್ಕು ಪುಟ, ಜೊತೆಗೆ ಒಂದು ನಕ್ಷೆ. ಏಳು ವರ್ಷದ ನಿರ್ಮಲ ದಾಖಲೆಯಲ್ಲಿ ಒಂದು ಕಪ್ಪು ಚುಕ್ಕೆ. ಕೊನೆಯ ಪುಟವನ್ನು ಆರೂ ಜನ ಒಟ್ಟಿಗೆ ನಿಂತು ಓದಿದರು. ಕರಾರು ಮೂರು ವರ್ಷಕ್ಕಲ್ಲ, ಆರು ತಿಂಗಳಿಗೆ ಮಾತ್ರ ಮುಂದುವರಿಯುತ್ತದೆ. ಅದೂ ನೀತಿಯ ಅಪವಾದಗಳನ್ನು ಬರಹದಲ್ಲಿ ಕೊಟ್ಟು ಮಂಡಳಿಯ ಒಪ್ಪಿಗೆ ಪಡೆದರೆ.

ಗುರುನಾಥ ಆಗಲೇ ಒಂದು ಕರಡು ಸಿದ್ಧಮಾಡಿದ್ದ. 'ಅನಿರೀಕ್ಷಿತ ಹಾಗೂ ಅನಿವಾರ್ಯ ಕಾರ್ಯಾಚರಣಾತ್ಮಕ ಸನ್ನಿವೇಶಗಳಲ್ಲಿ' ಎಂದು ಶುರುವಾಗಿ ಹನ್ನೊಂದು ಸಾಲಿಗೆ ಮೊದಲ ಪೂರ್ಣವಿರಾಮ ಬರುತ್ತಿತ್ತು. ಪ್ರಿಯಂವದಾ ಅದನ್ನು ಪಕ್ಕಕ್ಕಿಟ್ಟಳು. ಹೋದ ಸಲ ನಿಜವನ್ನು ಅರ್ಧ ಬರೆದು ಸಿಕ್ಕಿಬಿದ್ದಿದ್ದಳು. ಈ ಸಲ ಪೂರಾ ಬರೆಯುವುದೆಂದು ಕೂತು, ಸೋಮವಾರದ ರೂಢಿ ಎಲ್ಲಿಂದ ಬಂತು, ಶಟ್ಟೆಪ್ಪ ಯಾರು, ಅವನ ಮನೆಯ ಎತ್ತುಗಳು ಎಷ್ಟು ಎಂಬುದನ್ನೆಲ್ಲ ಸೇರಿಸಿ ಒಂದು ಪುಟ ಬರೆದಳು. ಕಲಮು ಒಂದೇ ಸಾಲು: 'ಎತ್ತು ಬಾವಿಗೆ ಬಿದ್ದರೆ ಸೋಮವಾರವೂ ಕೈ ಹಾಕತಕ್ಕದ್ದು.' ಇದನ್ನು ಕಳಿಸಿದರೆ ಆರು ತಿಂಗಳೂ ಉಳಿಯುವುದಿಲ್ಲವೆಂದು ಗುರುನಾಥ ಎಚ್ಚರಿಸಿದ. ಅವಳು ಕಳಿಸಿದಳು.

ಒಂಬತ್ತನೆಯ ದಿನ ಉತ್ತರ ಬಂತು. ಮಂಡಳಿ ಕಲಮನ್ನು ತಾತ್ವಿಕವಾಗಿ ಒಪ್ಪಿದೆ, ಆರು ತಿಂಗಳ ಕರಾರಿಗೆ ಸಹಿಯಾಗಿದೆ. ಇದೇ ಕಲಮನ್ನು ಇತರ ಕಂಪನಿಗಳಿಗೂ ಅನ್ವಯಿಸುವ ವಿಚಾರವಿರುವುದರಿಂದ ಮೂರು ಸ್ಪಷ್ಟನೆ ಬೇಕು: ಕನಿಷ್ಠ ಎಷ್ಟು ಆಳವಿದ್ದರೆ ಬಾವಿ ಎನ್ನಬೇಕು, ಎತ್ತು ಬಿದ್ದಿದೆ ಎಂದು ಘೋಷಿಸುವ ಅಧಿಕಾರ ಯಾರದು, ಕರುವಿಗೆ ಪ್ರತ್ಯೇಕ ಕಲಮು ಬೇಕೇ.

ಗುರುನಾಥ ತಲೆಯ ಮೇಲೆ ಕೈ ಹೊತ್ತು ಕೂತ. ಪ್ರಿಯಂವದಾ ಶಟ್ಟೆಪ್ಪನನ್ನು ಕರೆದು ಎದುರಿಗೆ ಕೂರಿಸಿ, ಪೆನ್ಸಿಲ್ಲು ಹಿಡಿದಳು. ಅವನು ಮೂರಕ್ಕೂ ಒಟ್ಟಿಗೆ ಉತ್ತರ ಕೊಟ್ಟ.

"ನಮ್ಮ ಬಾವಿ ನಲವತ್ತು ಫೂಟ ಐತ್ರಿ, ಅಷ್ಟ ಬರೀರಿ. ಬಿದ್ದದ್ದನ್ನ ಮದಲ ಯಾರ ನೋಡ್ತಾರೋ ಅವರ ಕೂಗಬೇಕು, ಅದಕ್ಯಾಕ ಅಧಿಕಾರ? ಕರಾ ಆದ್ರೂ ಅದ ಹಗ್ಗಾನರಿ."

ಅವಳು ಹಾಗೆಯೇ ಬರೆದುಕೊಂಡಳು. ಶಟ್ಟೆಪ್ಪ ಎದ್ದು ಬಾಗಿಲ ತನಕ ಹೋದವನು ತಿರುಗಿ ನಿಂತ.

"ಇನ್ನೊಂದು ಸೇರಸ್ರಿ ಅಕ್ಕಾರ. ಹಗ್ಗಾ ಐತ್ಯೋ ಇಲ್ಲೋ ಅನ್ನೂದನ್ನ ರವಿವಾರನ ನೋಡಿಟ್ಕೋಬೇಕು."