ಸುಕ್ಕಿಲ್ಲದ ಹಾಳೆ

ಕಮಲಾದೇವಿಯ ಧ್ವನಿಪೆಟ್ಟಿಗೆಯನ್ನು ತೆಗೆಯದೆ ಬೇರೆ ದಾರಿಯಿಲ್ಲವೆಂದು ಡಾಕ್ಟರು ಹೇಳಿದ್ದು 1963ರ ಜನವರಿಯಲ್ಲಿ. ಆಸ್ಪತ್ರೆಯಲ್ಲಿ ಹಾಸಿಗೆ ಸಿಗುವುದು ಶಿವರಾತ್ರಿಯ ನಂತರ. ಆಮೇಲೆ ಅವಳಿಗೆ ಮಾತಿಲ್ಲ. ಮಗಳು ಸರ್ವಮಂಗಳಾಗೆ ಎರಡು ವರ್ಷ.

"ಪುಟ್ಟಿಗೆ ನನ್ನ ದನಿ ನೆನಪಿರಲ್ಲ ರೀ. ಹೇಗಾದ್ರೂ ಹಿಡಿದಿಡಿ," ಎಂದಳು, ಜಯನಗರದ ಮನೆಗೆ ಬಂದ ಸಂಜೆ.

ಗಂಡ ಪರಮಶಿವಯ್ಯ ರೇಡಿಯೋ ತಯಾರಿಸುವ ಕಾರ್ಖಾನೆಯಲ್ಲಿದ್ದ. ಜೊತೆಗಾರ ಸೇತುರಾಮನಿಂದ ಟೇಪ್ ರೆಕಾರ್ಡರನ್ನೂ ಅವನ ಬಳಿಯಿದ್ದ ಒಂದೇ ಸುರುಳಿಯನ್ನೂ ತಂದ. ಅದರ ಮೈಕು ತೇವಕ್ಕೆ ಕೆಟ್ಟಿತ್ತು. ಮದುವೆಗಳಿಗೆ ಮೈಕು ಬಾಡಿಗೆಗೆ ಕೊಡುವ ಕನಕನಪಾಳ್ಯದ ಗುಂಡಣ್ಣ ತನ್ನದನ್ನು ಮನೆಗೇ ತಂದು ಜೋಡಿಸಿಕೊಟ್ಟ. ಕಮಲಾದೇವಿ ಮಗಳಿಗೆ ತಲೆ ಬಾಚುವಾಗ ಹೇಳುವ ಕತೆಯನ್ನು ಪೂರ್ತಿ ಹೇಳಿದಳು. ದನಿ ಒಡೆದಿತ್ತು, ಆದರೆ ಅವಳದೇ ಆಗಿತ್ತು.

ಪರಮಶಿವಯ್ಯ ಕೇಳಿ ತಲೆಯಾಡಿಸಿದ. "ಇದು ನೀನಲ್ಲ."

"ಇನ್ಯಾರು, ನಿಮ್ಮತ್ತಿಗೇನಾ?"

"ಛತ್ರದಲ್ಲಿ ಊಟಕ್ಕೆ ಕರೆದ ಹಾಗಿದೆ."

"ಸ್ವಾಮಿ, ಈ ಮೈಕಲ್ಲಿ ಮಂತ್ರಿಗಳೇ ಮಾತಾಡವ್ರೆ," ಎಂದ ಗುಂಡಣ್ಣ. "ಅವರ್ಯಾರೂ ಕಂಪ್ಲೇಂಟ್ ಮಾಡ್ಲಿಲ್ಲ."

ಒಳ್ಳೆಯ ಮೈಕನ್ನು ತಾನೇ ಮಾಡುವುದೆಂದು ಪರಮಶಿವಯ್ಯ ನಿರ್ಧರಿಸಿದ. ಹಿತ್ತಾಳೆಯ ಬಿಲ್ಲೆಯ ಮುಂದೆ ಕೂದಲೆಳೆಯಷ್ಟು ಅಂತರದಲ್ಲಿ ಒಂದು ತೆಳು ಹಾಳೆಯನ್ನು ಬಿಗಿಯಬೇಕು. ಅದರಲ್ಲಿ ವಿದ್ಯುತ್ ಹರಿಯಬೇಕು. ಉಸಿರಿಗೂ ಬಾಗಬೇಕು. ಒಂದು ಸುಕ್ಕಿದ್ದರೂ ಬಿಲ್ಲೆಗೆ ತಗುಲಿ ಚಟಪಟ ಸದ್ದು ಬರುತ್ತದೆ.

ಸಿಗರೇಟು ಪ್ಯಾಕಿನ ಹೊಳೆಯುವ ಹಾಳೆಯನ್ನು ನೀರಲ್ಲಿ ನೆನೆಸಿ ಕಾಗದ ಬಿಡಿಸಿದ. ಅದರ ಮೇಲಿನ ಉಬ್ಬುಗೆರೆ ಹೋಗಲಿಲ್ಲ. ಮಿಠಾಯಿಗೆ ಅಂಟಿಸುವ ಬೆಳ್ಳಿ ರೇಕು ತಂದ. ಅದು ಬಿಗಿಯುವ ಮೊದಲೇ ಹರಿಯಿತು. ಪ್ರತಿ ಹಾಳೆಯನ್ನೂ ಅದೇ ಸುರುಳಿಯಲ್ಲಿ ಪರೀಕ್ಷಿಸುತ್ತಿದ್ದ, ಅಂಕಿಗಳನ್ನು ಹೇಳುತ್ತ. ಕತೆಯ ಮೇಲೆ ಅವನ ಅಂಕಿಗಳು ಬಿದ್ದವು. ಅಳಿಸಿ ಹೋಗುತ್ತಿದೆಯೆಂದು ಅವನಿಗೆ ಗೊತ್ತಿತ್ತು. ಅದು ಉಳಿಸಿಕೊಳ್ಳುವಂಥದ್ದು ಎಂದು ಅನ್ನಿಸಿರಲಿಲ್ಲ.

"ಗುಂಡಣ್ಣನ ಮೈಕೇ ಸಾಕಿತ್ತು," ಎಂದು ಕಮಲಾದೇವಿ ಒಂದು ದಿನ ಹೇಳಿದಳು. ಆ ದಿನಗಳಲ್ಲಿ ಮಧ್ಯಾಹ್ನವಾಗುತ್ತಲೇ ಅವಳ ಮಾತು ಪಕ್ಕದ ಕೋಣೆಗೆ ಕೇಳಿಸುತ್ತಿರಲಿಲ್ಲ.

"ಪುಟ್ಟಿ ದೊಡ್ಡೋಳಾಗಿ ಕೇಳಿದಾಗ ನೀನು ಎದುರಿಗೇ ಕೂತ ಹಾಗಿರ್ಬೇಕು. ಇನ್ನೊಂದು ವಾರ ತಡಿ."

ಶಿವರಾತ್ರಿಗೆ ಮೊದಲು, ಸಿಟಿ ಮಾರ್ಕೆಟ್ಟಿನ ಗುಜರಿಯಲ್ಲಿ, ಹಳೆಯ ಮಿಲಿಟರಿ ರೇಡಿಯೋದ ಕಂಡೆನ್ಸರ್ ಸಿಕ್ಕಿತು. ತಗಡಿನ ಕವಚ ಕೊಯ್ದರೆ ಒಳಗೆ ಮೇಣದ ಕಾಗದದೊಡನೆ ಸುತ್ತಿದ ಅಲ್ಯೂಮಿನಿಯಂ ಹಾಳೆ. ಪೆಟ್ರೋಲಿನಲ್ಲಿ ತೊಳೆದು ಗಾಜಿನ ಮೇಲೆ ಹರಡಿದ. ಒಂದು ಗೆರೆಯೂ ಇರಲಿಲ್ಲ. ಬಳೆಯಂಥ ಉಂಗುರಕ್ಕೆ ಬಿಗಿದು ಮೆಲ್ಲಗೆ ಊದಿದ. ಬಾಗಿತು, ಮರಳಿ ನೇರವಾಯಿತು. ಜೋಡಿಸಿ ಕೇಳಿದಾಗ ಒಲೆಯ ಮೇಲಿನ ಹಾಲು ಉಕ್ಕುವುದು ಕೂಡ ಟೇಪಿನಲ್ಲಿತ್ತು.

ಮರುದಿನ ಬೆಳಿಗ್ಗೆ ಕಮಲಾದೇವಿ ಮೈಕಿನ ಮುಂದೆ ಕುಳಿತಳು. ತೊಡೆಯ ಮೇಲೆ ಮಗು. ಬಾಯಿ ತೆರೆದಳು. ಬರೀ ಗಾಳಿ ಬಂತು. ಬಿಸಿನೀರು ಕುಡಿದಳು, ಮತ್ತೆ ಪ್ರಯತ್ನಿಸಿದಳು.

"ಪುಟ್ಟೀ," ಎಂಬ ಪಿಸುಮಾತು. ಯಾರದಾದರೂ ಆಗಿರಬಹುದಾದ ಪಿಸುಮಾತು.

ಮಗುವಿಗೆ ಅದು ಹೊಸ ಆಟವೆನಿಸಿತು. ಅಮ್ಮನ ಕಿವಿಗೆ ಬಾಯಿ ಹಚ್ಚಿ, ಅದೂ ಪಿಸುಗುಟ್ಟಿತು: "ಏನಮ್ಮಾ?"

ಪರಮಶಿವಯ್ಯ ಯಂತ್ರ ನಿಲ್ಲಿಸಿದ.

"ನಿಮ್ಮ ತಪ್ಪಲ್ಲ," ಎಂದು ಅವಳ ತುಟಿ ಆಡಿತು. ಅವನು ಎದ್ದು ಹಿತ್ತಲಿಗೆ ಹೋದ.

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು. ಅವಳ ಪ್ರಾಣಕ್ಕೆ ಇನ್ನು ಭಯವಿಲ್ಲವೆಂದು ಡಾಕ್ಟರು ಹೇಳಿದರು. ಉಸಿರು ಇನ್ನು ಕತ್ತಿನಲ್ಲಿ ಮಾಡಿದ ತೂತಿನಿಂದ; ಬಾಯಿಂದ ಪಿಸುಮಾತೂ ಬರದು. ಮಕ್ಕಳನ್ನು ವಾರ್ಡಿಗೆ ಬಿಡುವ ದಿನ ಪರಮಶಿವಯ್ಯ ಮಗಳನ್ನು ಎತ್ತಿಕೊಂಡು ಬಂದು ಹಾಸಿಗೆಯ ಮೇಲೆ ಕೂರಿಸಿದ. ಅವಳು ಬಗ್ಗಿ ಅಮ್ಮನ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಆಮೇಲೆ ತನ್ನ ಕಿವಿಯನ್ನು ಅಮ್ಮನ ತುಟಿಗೆ ಒತ್ತಿ ಹಿಡಿದು, ನಗು ತಡೆದುಕೊಂಡು, ಕಾಯುತ್ತ ಕುಳಿತಳು.